ಬಾಯ್ತುಂಬ ನೀರು, ಕಿವಿತುಂಬ ಹಕ್ಕಿ

ಆ ಹಕ್ಕಿಗೆ ಮೀಸೆ ಇತ್ತು.

ನೀವು ನಗಬಹುದು. ಅವಳಿಗೆ ಮಾತ್ರ ಆಗ ನಗು ಬರಲಿಲ್ಲ.

ಎತ್ತರದ ಬೆಟ್ಟಗಳ ಆ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷಕ್ಕೊಮ್ಮೆ ನಾಲ್ಕು ದಿನ ಹಕ್ಕಿಗಣತಿ. ಈ ಸಲ ತಂಡದ ಮುಂದಾಳು ಅವಳೇ. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಬೆಟ್ಟಕ್ಕೆ ಬಂದರೆ ಕಣ್ಣಿಗೆ ಬೀಳದ ಹಕ್ಕಿಯನ್ನೂ ಕೂಗಿನಿಂದಲೇ ಗುರುತಿಸುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವಳ ಪಟ್ಟಿಯ ಒಂದು ಸಾಲನ್ನೂ ಯಾರೂ ಹೊಡೆದುಹಾಕಿರಲಿಲ್ಲ. ಆ ಹೆಮ್ಮೆಯನ್ನು ಅವಳು ಬಚ್ಚಿಟ್ಟವಳೂ ಅಲ್ಲ.

ಮೊದಲ ದಿನ ಬೆಳಗ್ಗೆ ಮಂಜಿನೊಳಗಿಂದ ಹಿಮಕೌಜುಗದ ಕೂಗು ಕೇಳಿತು... ಹದಿನಾಲ್ಕು ವರ್ಷದಿಂದ ಅಲ್ಲಿ ಯಾರಿಗೂ ಸಿಗದ ಹಕ್ಕಿ!

ಬರೆದೇಬಿಟ್ಟಳು. ತಂಡವನ್ನು ಹಿಂದೆ ಕಟ್ಟಿಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ಸದ್ದು ಬಂದ ಕಡೆ ಹೋದಳು.

ತಂಗುಮನೆಯ ಮಾಡಿನ ಮೇಲೆ ಒಬ್ಬ ಮೀಸೆಯವನು. ಕೈಯಲ್ಲಿ ಆಂಟೆನಾ, ತುಟಿಯಲ್ಲಿ ಹಿಮಕೌಜುಗದ ಕೂಗು.

"ನೀವಾ?"

"ಇಲ್ಲಿನ ವೈರ್‌ಲೆಸ್ ಆಪರೇಟರ್, ಮೇಡಂ. ಹೋದ ತಿಂಗಳಷ್ಟೇ ಬಂದೆ. ಹಿಂದಿದ್ದ ಬೆಟ್ಟದಲ್ಲಿ ಈ ಕೂಗು ಕಲಿತಿದ್ದು. ನಿಮ್ಮ ಟೋಪಿಗಳು ಕಂಡವು... ಸ್ವಲ್ಪ ಆಟ ಆಡಿಸೋಣ ಅಂತ."

ಎಲ್ಲರೂ ನೋಡುತ್ತಿರುವಾಗಲೇ ಅವಳು ಆ ಸಾಲಿನ ಮೇಲೆ ಗೆರೆ ಎಳೆದಳು. ಹನ್ನೊಂದು ವರ್ಷದಲ್ಲಿ ಮೊದಲ ಗೆರೆ. ಕೆನ್ನೆ ಉರಿಯಿತು.

"ನಿಮ್ಮ ಗಂಟಲಿಗೆ ಬೀಗ ಹಾಕ್ಕೊಳ್ಳಿ."

ಅವನು ಇಳಿದುಬಂದು ತಲೆ ತಗ್ಗಿಸಿ ಕ್ಷಮೆ ಕೇಳಿದ. ಮುಖಕ್ಕೆ ಬಾಗಿಲು ಹಾಕಿಸಿಕೊಂಡ.

ಆದರೆ ಬೀಗ ಹಾಕಿದರೆ ನಿಲ್ಲುವ ಗಂಟಲೇ ಅದು? ಸಂಜೆ ಒಲೆಯ ಮುಂದೆ ಆ ಗಂಟಲಲ್ಲಿ ನೆಗಡಿ ಹಿಡಿದ ಮೇಲಧಿಕಾರಿ ಬಂದುಹೋದ. ತಂಡದಲ್ಲೇ ಇದ್ದ ಅವಳ ದೊಡ್ಡಪ್ಪನ ಗೊರಕೆ ಮೂರು ಮಜಲಿನಲ್ಲಿ ಮೂಡಿತು. ಅವಳಿಗೆ ಹಕ್ಕಿ ಕಲಿಸಿದ ದೊಡ್ಡಪ್ಪನೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನೆಪ ಹೇಳಿ ಹೊರಗೆ ಹೋಗಿ, ಶಾಲು ಕಚ್ಚಿಕೊಂಡು ಒಬ್ಬಳೇ ನಕ್ಕಳು.

ಮೂರನೇ ದಿನ ಅವಳ ಒದ್ದೆ ಬೂಟನ್ನು ಯಾರೂ ಹೇಳದೆಯೇ ಅವನು ಒಲೆಯ ಪಕ್ಕ ಒಣಗಲು ಇಟ್ಟಿದ್ದ.

'ಪಾಪ... ಕೆಟ್ಟವನೇನಲ್ಲ,' ಅಂದಿತು ಮನಸ್ಸು. 'ನೀನು ಸುಮ್ಮನಿರು,' ಅಂದಳು ಮನಸ್ಸಿಗೆ.

ಕೊನೆಯ ದಿನ, ಬಂಡೆಗಳ ಇಳಿಜಾರಿನ ಮೇಲಿಂದ ಮತ್ತೆ ಅದೇ ಕೂಗು.

"ಬರ್ಕೊಳ್ಳಮ್ಮ," ಅಂದರು ದೊಡ್ಡಪ್ಪ.

"ಇಲ್ಲ. ಇದು ಅವನೇ."

ಸರಸರನೆ ತಂಗುಮನೆಗೆ ಇಳಿದಳು. ಅವನು ಅಂಗಳದಲ್ಲಿ ಬ್ಯಾಟರಿ ಒರೆಸುತ್ತಿದ್ದ.

"ಎರಡು ಸಲ ಮೂರ್ಖಳನ್ನಾಗಿ ಮಾಡ್ಬೇಕಿತ್ತಾ? ನಾನು ಬೇರೆ, ನಿಮ್ಮನ್ನ ನಂಬೋಕೆ ಶುರು ಮಾಡಿದ್ದೆ..."

ಅವನ ಮುಖ ಸಪ್ಪಗಾಯಿತು. "ನಾನಲ್ಲ, ಮೇಡಂ. ಇವತ್ತು ಬಾಯೇ ಬಿಟ್ಟಿಲ್ಲ."

"ಅದನ್ನ ಹೇಳೋದಕ್ಕೂ ಅದೇ ಬಾಯಿ ತಾನೇ?"

ಅವಳು ಮತ್ತೆ ಮೇಲೆ ಹತ್ತಿದಳು. ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತದೆ. ಬರೆದು ಸುಳ್ಳಾದರೆ ಹೆಸರು ಮಣ್ಣಾಗುತ್ತದೆ. ಬರೆಯದೆ ಹೋಗಿ ಅದು ನಿಜವಾಗಿದ್ದರೆ? ಹಕ್ಕಿಯೂ ಹೋಯಿತು, ಅವನೂ ಹೋದ.

"ನಿನ್ನ ಕಿವಿ ಸರಿಯಾಗಿಯೇ ಇದೆ, ಮಗಳೇ," ಅಂದರು ದೊಡ್ಡಪ್ಪ ಮೆಲ್ಲಗೆ. "ಪೆಟ್ಟು ಬಿದ್ದಿರೋದು ಬೇರೆ ಕಡೆ." ಹಾಗಂದು ದುರ್ಬೀನು ಹಿಡಿದು ಕೆಳಗಿಳಿದುಹೋದರು.

ಹನ್ನೊಂದೂಕಾಲಿಗೆ ಅವನು ಏದುಸಿರು ಬಿಡುತ್ತಾ ಹತ್ತಿಬಂದ. ಅವಳೆದುರು ಕೂತು, ಬಾಟಲಿ ಎತ್ತಿ ಬಾಯ್ತುಂಬ ನೀರು ತುಂಬಿಕೊಂಡ. ಉಬ್ಬಿದ ಕೆನ್ನೆಯನ್ನು ಬೆರಳಿನಿಂದ ತೋರಿಸಿದ. ಆಮೇಲೆ ಬೆಟ್ಟವನ್ನು ತೋರಿಸಿದ.

ಅವಳಿಗೆ ಅರ್ಥವಾಯಿತು.

"ನುಂಗಿದ್ರೆ ಲೆಕ್ಕಕ್ಕಿಲ್ಲ," ಅಂದಳು ಬಿಗಿಯಾಗಿ.

ಐದು ನಿಮಿಷ... ಹತ್ತು... ಮಂಜುಗಡ್ಡೆಯಂಥ ನೀರಿಗೆ ಅವನ ಹಲ್ಲು ಜುಂಯ್ ಅಂದಿರಬೇಕು, ಕಣ್ಣಲ್ಲಿ ನೀರು ಬಂತು. ಮೀಸೆ ನಡುಗಿತು. ಆದರೂ ಕದಲಲಿಲ್ಲ.

ಆಗ, ಇಳಿಜಾರಿನ ಮೇಲಿಂದ ಕೂಗು ಬಂತು. ಒಂದು ಸಲ. ಮತ್ತೊಂದು ಸಲ, ಇನ್ನೂ ಹತ್ತಿರದಿಂದ.

ಅವನ ಕೆನ್ನೆ ಹಾಗೇ ಉಬ್ಬಿತ್ತು.

ಅವಳು ಪೆನ್ಸಿಲ್ ಎತ್ತಿದಳು. ಸಮಯ, ದಿಕ್ಕು, ಹೆಸರು. ಅಕ್ಷರ ದುಂಡಗೆ ಬಂದವು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ನಾನು ತಪ್ಪು ತಿಳ್ಕೊಂಡೆ," ಅಂದಳು. "ಇಷ್ಟು ವರ್ಷದಲ್ಲಿ ಈ ಮಾತು ಯಾರಿಗೂ ಹೇಳಿಲ್ಲ, ಚೆನ್ನಾಗಿ ಕೇಳಿಸ್ಕೊಳ್ಳಿ. ಇನ್ನೊಂದೂ ಇದೆ. ಬಾಯಿ ತುಂಬಿರೋವಾಗ್ಲೇ ಹೇಳ್ಬಿಡ್ತೀನಿ, ಮಧ್ಯೆ ಬಾಯಿ ಹಾಕೋಕೆ ಆಗಲ್ಲ ನೋಡಿ... ನಾಳೆ ಊರಿಗೆ ಹೋದ್ಮೇಲೆ ದಿನವೂ ನೂರು ಜನರ ಕಿವಿ ನೋಡ್ತೀನಿ. ನನ್ನ ಕಿವಿ ಮಾತ್ರ ನಿಮ್ಮ ದನಿಯನ್ನೇ ಹುಡುಕುತ್ತೆ. ನನಗೆ ನೀವು ಬೇಕು."

ಅವನ ಕಣ್ಣು ಇಷ್ಟಗಲವಾದವು. ನುಂಗಲು ಹೋದ, ಆಗಲಿಲ್ಲ. ಹೂಂ ಅನ್ನಲು ಹೋದ, ಅದೂ ಆಗಲಿಲ್ಲ. ತಲೆಯನ್ನು ಜೋರಾಗಿ ಆಡಿಸಿದ್ದೇ ತಡ, ಬಾಯಿ ಮೂಗು ಎರಡರಿಂದಲೂ ನೀರು ಚಿಮ್ಮಿ ಪಟ್ಟಿಯ ಮೇಲೆ, ಅವಳ ಮುಖದ ಮೇಲೆ!

ಅವನು ಕೆಮ್ಮುತ್ತಲೇ ನಕ್ಕ. ಕೆಳಗೆ ದೊಡ್ಡಪ್ಪ ನಕ್ಕಿದ್ದು ಕೇಳಿಸಿತು. ಇಬ್ಬರನ್ನೂ ಮೀರಿಸಿ, ಶಾಲು ಕಚ್ಚದೆ, ಇಡೀ ಕಣಿವೆ ಕೇಳುವಂತೆ ನಕ್ಕವಳು ಅವಳೇ.

"ಮೆಲ್ಲಗೆ..." ಅಂದ ಅವನು. ಯಾರ ಅನುಕರಣೆಯೂ ಅಲ್ಲದ, ಕೊಂಚ ಒಡೆದ, ಅವನದೇ ದನಿ. "ನನಗೂ ನೀವು ಬೇಕು. ಆದ್ರೆ ಹಕ್ಕಿ ಹೆದರಿ ಹೋಗ್ಬಿಡುತ್ತೆ."

"ಹೋಗ್ಲಿ ಬಿಡಿ, ಅದನ್ನ ಬರ್ಕೊಂಡಾಗಿದೆ," ಅಂದಳು ಅವಳು, ನಗು ನಿಲ್ಲಿಸದೆ. "ನೀವು ಮಾತ್ರ ಎಲ್ಲೂ ಹೋಗ್ಬೇಡಿ."