ಇಬ್ಬರಿಗೆ ಕ್ಯಾಬಿನ್

"ಆ ಹಡಗಲ್ಲಿ ಇಬ್ಬರಿಗೆ ಕ್ಯಾಬಿನ್ ಸಿಗತ್ತೇನ್ರೀ?"

ಮೆಲ್ಬರ್ನಿನ ಕ್ಲೇಟನ್ನಿನಿಂದ ಲಕ್ಷ್ಮೀಶ ಫೋನಿನಲ್ಲಿ ಕೇಳಿದ. ಇತ್ತ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ, ಮಿಠಾಯಿ ಅಂಗಡಿಯ ಮೇಲಿನ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ, ಹಂಸಾಳ ಪೆನ್ನು ಕಾಗದದ ಮೇಲೆ ಹಾಗೇ ನಿಂತುಬಿಟ್ಟಿತು.

ಇಬ್ಬರಿಗೆ?

ಎಂಟು ತಿಂಗಳಿಂದ ಪ್ರತಿ ಶುಕ್ರವಾರ ನಾಲ್ಕಕ್ಕೆ ಅವನ ಫೋನು ಬರುತ್ತಿತ್ತು. ಅವನು ಹವಳದ ಮೇಲೆ ಸಂಶೋಧನೆ ಮಾಡುವ ವಿದ್ಯಾರ್ಥಿ. ಫಿಜಿ ದೇಶದ ತುತ್ತತುದಿಯ ರೊಟುಮಾ ದ್ವೀಪಕ್ಕೆ ಹೋಗಬೇಕು, ಸ್ಕಾಲರ್‌ಶಿಪ್ ನೋಡಿದರೆ ತೆಳ್ಳಗೆ. ಅಗ್ಗದ ದಾರಿ ಹುಡುಕಿಕೊಡುವುದರಲ್ಲಿ ಹಂಸಾ ಎತ್ತಿದ ಕೈ. ಅಲ್ಲಿನ ನಾಡಿ ಎಂಬ ಊರಿನಲ್ಲಿ ವಿಮಾನ ಇಳಿದರೆ ರಾಜಧಾನಿ ಸುವಾಕ್ಕೆ ಕಿಟಕಿಗೆ ಗಾಜೇ ಇಲ್ಲದ ಬಸ್ಸು. ಸುವಾದಿಂದ ಮುಂದೆ ಪುಟ್ಟ ವಿಮಾನ, ಇಲ್ಲವೆ ಕೊಬ್ಬರಿ ತುಂಬುವ ಹಡಗು.

"ಪುಟ್ಟ ವಿಮಾನ ದುಬಾರಿ. ಅಲ್ಲಿ ಪ್ಯಾಸೆಂಜರ್‌ನೂ ತಕ್ಕಡಿ ಮೇಲೆ ನಿಲ್ಲಿಸ್ತಾರೆ," ಎಂದಿದ್ದಳು ಒಮ್ಮೆ.

"ಅಯ್ಯೋ, ನನ್ನ ತೂಕ ನಿಮಗೆ ಗೊತ್ತಾಗಿಬಿಡತ್ತೆ. ಹಡಗೇ ಸರಿ."

"ಹಡಗಿಗೆ ಟೈಮ್‌ಟೇಬಲ್ ಅಂತ ಒಂದಿದೆ, ಅದನ್ನ ನಂಬ್ಬೇಡಿ. ಹೊರಟಾಗ ಹೊರಡತ್ತೆ."

"ನಿಮ್ಮ ಥರಾನೇ. ಬೇಗ ಮನಸ್ಸು ಬಿಚ್ಚಲ್ಲ."

ಅವಳು ಫೋನಿನ ಸುರುಳಿ ವೈರನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಎದುರು ಮೇಜಿನಿಂದ ಮಾಲೀಕ ಚಕ್ರಪಾಣಿ ಅಂಕಲ್, "ಆ ಹುಡುಗ ಫಿಜಿಗೆ ಹೋಗ್ತಾನೋ, ನಮ್ಮ ಫೋನಲ್ಲೇ ಸಂಸಾರ ಹೂಡ್ತಾನೋ?" ಎಂದು ಕೆಮ್ಮಿದ್ದರು.

ಒಮ್ಮೆ ಅವನು ಹನ್ನೆರಡು ಗಂಟೆ ಕೋಚ್ ಬಸ್ಸಿನಲ್ಲಿ ಕೂತು ಸಿಡ್ನಿಗೆ ಬಂದಿದ್ದ. "ಬ್ರೋಷರ್ ತಗೊಂಡು ಹೋಗೋಣ ಅಂತ" ಎಂದ. ಬ್ರೋಷರು ಪೋಸ್ಟಿನಲ್ಲಿ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಫಿಜಿಯ ನಕ್ಷೆ ಹರಡಿ ಅವಳು ದಾರಿ ತೋರಿಸುತ್ತಿದ್ದರೆ, ಅವನು ದಾರಿ ಬಿಟ್ಟು ತೋರಿಸುವ ಬೆರಳನ್ನೇ ನೋಡುತ್ತಿದ್ದ. ಕತ್ತೆತ್ತಿದಾಗ ಸಿಕ್ಕಿಬಿದ್ದ. ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ. ಅದು ಮೊದಲೇ ಶುಭ್ರವಾಗಿತ್ತು.

"ಆ ಗಾಜಿಲ್ಲದ ಬಸ್ಸಲ್ಲಿ ಕಿಟಕಿ ಪಕ್ಕ ಯಾರು ಕೂರೋದು?" ಎಂದು ಕೇಳಿದ್ದ, ನಕ್ಷೆಗೆ ಹೇಳುವವನಂತೆ.

ಅವತ್ತಿನಿಂದ ಹಂಸಾ ಒಂದು ನೋಟ್‌ಬುಕ್ ಇಟ್ಟಳು. ಸುವಾದ ಏಜೆಂಟನನ್ನು ಕೇಳಿ ಕೇಳಿ ಬರೆದಳು: ಕೆಳಗಿನ ಬರ್ತೇ ತಗೊಳ್ಳಬೇಕು, ಮೇಲಿನದರಲ್ಲಿ ಎಂಜಿನ್ ಹೊಗೆ. ಉಪ್ಪಿನಕಾಯಿ ಬಾಟಲಿ ಬಟ್ಟೆಯಲ್ಲಿ ಸುತ್ತಬೇಕು. ಹಡಗಿನ ವಾಂತಿಗೆ ಒಣಶುಂಠಿ ಮರೆಯಬಾರದು. ಒಣಶುಂಠಿ ಪೊಟ್ಟಣವಂತೂ ಕೊಂಡು ಡ್ರಾಯರಿನಲ್ಲೇ ಇಟ್ಟಿದ್ದಳು, ತನಗೆಂದು.

ಹೀಗಿರುವಾಗ, ತೊಂಬತ್ತಾರರ ಫೆಬ್ರವರಿಯ ಈ ಶುಕ್ರವಾರ ಫೋನು ಹತ್ತು ನಿಮಿಷ ತಡವಾಗಿತ್ತು. ತಡೆಯಲಾರದೆ ಅವಳೇ ಕ್ಲೇಟನ್ನಿನ ಮನೆಗೆ ಫೋನು ಮಾಡಿದ್ದಳು. ಎತ್ತಿಕೊಂಡದ್ದು ಒಂದು ನಗುವ ಹೆಣ್ಣುದನಿ: "ಲಕ್ಕೀ, ನಿನ್ನ ಟ್ರಾವೆಲ್ ಮೇಡಂ! ಬೇಗ ಬಾ, ಕಾಫಿ ನಾನು ನೋಡ್ಕೋತೀನಿ." ಅದೇ ಬಾಡಿಗೆ ಮನೆಯನ್ನು ಹಂಚಿಕೊಂಡಿದ್ದ ನಿವೇದಿತಾ.

ಲಕ್ಕೀ! ಹಂಸಾ ಅವನನ್ನು ಇಂದಿಗೂ 'ನೀವು' ಎನ್ನುತ್ತಿದ್ದಳು. ಆಮೇಲೆ ಬಂದದ್ದೇ ಈ ಪ್ರಶ್ನೆ, ಇಬ್ಬರಿಗೆ ಕ್ಯಾಬಿನ್.

ಇಂಥ ಹೊತ್ತಿನಲ್ಲಿ ಟಿಕೆಟ್ ಮಾರುವವರಿಗೆ ಒಂದು ಅನುಕೂಲವಿದೆ. ಕೌಂಟರಿನ ದನಿ ತನ್ನಷ್ಟಕ್ಕೇ ಬರುತ್ತದೆ.

"ಆ ಹಡಗಲ್ಲಿ ಹೆಂಗಸರಿಗೆ ಕಷ್ಟ ಕಣ್ರೀ. ಎರಡು ದಿನ ವಾಂತಿ. ಒಬ್ಬರೇ ಹೋಗಿ, ಕ್ಯಾಬಿನ್ ಬೇಡ, ಡೆಕ್ ಸಾಕು."

ಅವನು ಮೆಲ್ಲಗೆ, "ಇದು ಏಜೆಂಟ್ ಮಾತಾ, ನಿಮ್ಮ ಮಾತಾ?"

"ಏಜೆಂಟ್‌ಗೊಂದು, ನನಗೊಂದು ಅಂತ ಬೇರೆ ಮಾತು ಇರತ್ತಾ?"

"ಸರಿ ಹಾಗಾದ್ರೆ. ಒಬ್ಬನಿಗೇ ಮಾಡಿ."

ಮಾರ್ಚಿನಲ್ಲಿ ಅವನು ಹೋದ. ಸಿಡ್ನಿಯಿಂದಲೇ ವಿಮಾನವಿದ್ದರೂ ಆಫೀಸಿಗೆ ಬರಲಿಲ್ಲ, ಟಿಕೆಟನ್ನು ಪೋಸ್ಟಿನಲ್ಲಿ ತರಿಸಿಕೊಂಡ. ಶುಕ್ರವಾರ ನಾಲ್ಕಕ್ಕೆ ಹಂಸಾ ಫೋನಿನ ಕಡೆ ಬೆನ್ನು ಮಾಡಿ ಫೈಲು ಜೋಡಿಸುವುದನ್ನು ಕಲಿತಳು. ಚಕ್ರಪಾಣಿ ಅಂಕಲ್ ಕೆಮ್ಮುವುದನ್ನು ಬಿಟ್ಟರು.

ಜೂನಿನಲ್ಲಿ ನಿವೇದಿತಾ ಫೋನು ಮಾಡಿದಳು. ಬೆಂಗಳೂರಿಗೆ ಟಿಕೆಟ್ ಬೇಕಂತೆ, ಮದುವೆ.

"ಯಾರ ಜೊತೆ?" ಹಂಸಾ ಕೇಳಿಯೇಬಿಟ್ಟಳು.

"ಗೌತಮ್ ಅಂತ, ನಮ್ಮ ಲ್ಯಾಬಲ್ಲೇ. ಯಾಕೆ, ನೀವು ಯಾರು ಅಂದ್ಕೊಂಡ್ರಿ?" ನಿವೇದಿತಾ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಮೇಡಂ, ಅವತ್ತು ನಿಮ್ಮ ಜೊತೆ ಮಾತಾಡಿ ಫೋನಿಟ್ಟ ಮೇಲೆ ಲಕ್ಕಿ ಕಾಫಿನೂ ಕುಡೀಲಿಲ್ಲ ಗೊತ್ತಾ?" ಎಂದಳು.

ಆ ರಾತ್ರಿಯೇ ಹಂಸಾ ಲಕ್ಷ್ಮೀಶನಿಗೆ ಪತ್ರ ಬರೆದಳು. ನಾಲ್ಕು ಪುಟ. ಮೊದಲ ಬಾರಿ 'ನೀನು' ಎಂದು ಬರೆದಳು. ಮಾರನೆಯ ದಿನ ಸುವಾದ ಏಜೆಂಟನ ವಿಳಾಸಕ್ಕೆ ಕಳಿಸಿ, ರೊಟುಮಾ ಹಡಗಿನ ಟಪಾಲು ಚೀಲಕ್ಕೆ ಹಾಕಲು ಹೇಳಿದಳು. ಟೈಮ್‌ಟೇಬಲ್ ನೋಡಿ ದಿನ ಎಣಿಸಿದಳು. ಬಂದ ಗಿರಾಕಿಗೆಲ್ಲ ನಂಬಬೇಡಿ ಎಂದು ಹೇಳುತ್ತಿದ್ದ ಅದೇ ಟೈಮ್‌ಟೇಬಲ್ಲು.

ಹಡಗು ಎಂಜಿನ್ ಕೆಟ್ಟು ಸುವಾದಲ್ಲೇ ಆರು ವಾರ ನಿಂತಿತು. ಅಷ್ಟರಲ್ಲಿ ತಾಯಿಗೆ ಹುಷಾರಿಲ್ಲವೆಂಬ ಸುದ್ದಿ ಬಂದು, ಲಕ್ಷ್ಮೀಶ ಆ ಪುಟ್ಟ ವಿಮಾನ ಹತ್ತಿ ಮೈಸೂರಿಗೆ ಹೊರಟುಹೋಗಿದ್ದ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಲಕ್ಷ್ಮೀಶ. ಕಪ್ಪಗಾಗಿದ್ದ, ಬಡಕಲಾಗಿದ್ದ. ಕೂತವನು ಕನ್ನಡಕ ತೆಗೆದು ಒರೆಸಿದ.

"ಕೆಲಸ ಅರ್ಧಕ್ಕೇ ನಿಂತಿದೆ. ಮತ್ತೆ ರೊಟುಮಾಕ್ಕೆ ಹೋಗ್ಬೇಕು. ಈ ಸಲ..."

ಕೆಳಗಿನ ಅಂಗಡಿಯಿಂದ ಹೆಣ್ಣುದನಿ ಕೂಗಿತು: "ರೀ, ಜಹಾಂಗೀರ್ ತಗೊಳ್ಲಾ, ಮೈಸೂರ್ ಪಾಕಾ?"

"ಅನಸೂಯಾ," ಎಂದ ಅವನು. "ಹೋದ ತಿಂಗಳು ಮದುವೆ ಆಯ್ತು. ಅಮ್ಮ ಹಾಸಿಗೆ ಮೇಲಿಂದ ಕೈ ಹಿಡ್ಕೊಂಡು ಕೇಳಿದ್ರು. ಬೇಡ ಅನ್ನಕ್ಕೆ ನನ್ನ ಹತ್ರ ಕಾರಣ ಇರ್ಲಿಲ್ಲ."

ಹಂಸಾ ಫಾರಂ ಎಳೆದುಕೊಂಡಳು. ಒಂದು ಗೆರೆ ತುಂಬಿದಳು. ಕತ್ತೆತ್ತದೆ ಕೇಳಿದಳು:

"ಅವತ್ತು ಇಬ್ಬರಿಗೆ ಅಂದ್ರಲ್ಲ. ಇನ್ನೊಬ್ಬರು ಯಾರು?"

"ನನ್ನೆದುರಿಗೆ ಕೂತಿದಾರೆ."

ಚಕ್ರಪಾಣಿ ಅಂಕಲ್ ಎದ್ದು, ಟೀ ಕುಡಿದು ಬರುತ್ತೇನೆಂದು ಹೊರಟೇಹೋದರು. ಅವರು ಮಧ್ಯಾಹ್ನ ಟೀ ಕುಡಿಯುವವರಲ್ಲ.

"ಬಾಯಿ ಬಿಟ್ಟು ಹೇಳಬಾರದಿತ್ತೇನ್ರೀ?"

"ಅದನ್ನೇ ಹೇಳಿದ್ದು ನಾನು. ನಾವಿಬ್ಬರೂ ಬೇರೆ ಏನ್ ಮಾತಾಡಿದ್ವಿ ಹೇಳಿ? ಬಸ್ಸು, ಹಡಗು. ನೀವು ಒಬ್ಬರೇ ಹೋಗಿ ಅಂದ್ರಿ. ಅದೇ ನಿಮ್ಮ ಉತ್ತರ ಅಂದ್ಕೊಂಡೆ."

ಅವಳು ಫಾರಂನಲ್ಲಿ ಇಬ್ಬರಿಗೆ ಎಂದು ತುಂಬಿ, ಸುವಾಕ್ಕೆ ಫ್ಯಾಕ್ಸ್ ಮಾಡಿ ಬಂದು ಕೂತಳು.

"ರೊಟುಮಾ ಪೋಸ್ಟಾಫೀಸಲ್ಲಿ ನಿಮ್ಮ ಹೆಸರಿಗೆ ಒಂದು ಕವರ್ ಬಂದಿರತ್ತೆ," ಎಂದಳು. "ಒಡೀಬೇಡಿ. ಸಮುದ್ರಕ್ಕೆ ಹಾಕ್ಬಿಡಿ."

"ಏನಿದೆ ಅದರಲ್ಲಿ?"

"ಹಳೇ ಟೈಮ್‌ಟೇಬಲ್. ಆ ಹೊತ್ತಿನ ಹಡಗು ಹೋಗಿಯಾಯ್ತು."

ಅವನು ಅವಳನ್ನೇ ನೋಡಿದ. ಗೊತ್ತಾಯಿತು ಅವನಿಗೆ. ಕೈ ಮೇಜಿನ ಅರ್ಧದವರೆಗೂ ಬಂತು. ಮೆಟ್ಟಿಲ ಮೇಲೆ ಬಳೆಗಳ ಸದ್ದು ಕೇಳಿ ಹಿಂದಕ್ಕೆ ಹೋಯಿತು.

ಅನಸೂಯಾ ಒಳಗೆ ಬಂದಳು. ಕೈಯಲ್ಲಿ ಸಿಹಿಯ ಡಬ್ಬಿ, ತುಟಿಯ ಅಂಚಿನಲ್ಲಿ ಮೈಸೂರ್ ಪಾಕಿನ ಪುಡಿ. ಕಣ್ಣಿನಲ್ಲಿ ಒಂದಿಷ್ಟೂ ಕಪಟವಿಲ್ಲ. ದ್ವೇಷಿಸಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿದ ಹಂಸಾ ಸೋತಳು.

"ತಗೊಳ್ಳಿ ಅಕ್ಕ, ಸಿಹಿ. ಇವರು ಬಸ್ಸು, ಹಡಗು ಎಲ್ಲಾ ನಿಮ್ಮಿಂದಾನೇ ಕಲಿತಿದ್ದು ಅಂತಾರೆ."

ಹಂಸಾ ಒಂದು ತುಂಡು ಬಾಯಿಗಿಟ್ಟುಕೊಂಡಳು. ಡ್ರಾಯರು ಎಳೆದು ನೋಟ್‌ಬುಕ್ಕಿನ ಆ ಎರಡು ಹಾಳೆ ಹರಿದಳು. ಒಣಶುಂಠಿಯ ಪೊಟ್ಟಣದ ಜೊತೆ ಅನಸೂಯಾಳ ಕೈಗಿಟ್ಟಳು.

"ಬೆಳಗ್ಗೆ ಎದ್ದ ತಕ್ಷಣ ಒಂದು ಚೂರು ಬಾಯಲ್ಲಿ ಇಟ್ಕೊಳ್ಳಿ. ಕೆಳಗಿನ ಬರ್ತೇ ಕೇಳಿ. ಬಸ್ಸಲ್ಲಿ ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ, ಇವರಿಗೆ ಬಿಡಬೇಡಿ."

ಲಕ್ಷ್ಮೀಶ ಗೋಡೆಯ ಮೇಲಿನ ಫಿಜಿಯ ನಕ್ಷೆಯ ಕಡೆ ತಿರುಗಿಕೊಂಡ.

"ಆ ಹಡಗಲ್ಲಿ ಹೆಂಗಸರಿಗೆ ತುಂಬಾ ಕಷ್ಟ ಅಂತ ಯಾರೋ ಹೇಳಿದ್ರಂತೆ ಇವರಿಗೆ," ಎಂದಳು ಅನಸೂಯಾ. "ನಿಜಾನಾ ಅಕ್ಕ?"

"ಇಲ್ಲ ಕಣಮ್ಮ," ಎಂದಳು ಹಂಸಾ. "ಯಾರೋ ಗೊತ್ತಿಲ್ಲದೋರು ಹೇಳಿರ್ತಾರೆ."

ಅವರು ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ತಿರುಗುವ ಹೊತ್ತಿಗೆ ಮೂಲೆಯ ಫ್ಯಾಕ್ಸ್ ಯಂತ್ರ ಕಿರುಗುಟ್ಟಿ ಕಾಗದ ಕಕ್ಕತೊಡಗಿತು. ಸುವಾದಿಂದ. ಇಬ್ಬರಿಗೆ ಕ್ಯಾಬಿನ್ ಖಾತ್ರಿ. ಹಂಸಾ ಸ್ಕೇಲು ಒತ್ತಿ ಕಾಗದವನ್ನು ನೇರವಾಗಿ ಹರಿದು, ಅವನ ಫೈಲಿಗೆ ಪಿನ್ ಹಾಕಿದಳು.