ತಿಪ್ಪವ್ವ ಬಿಡಿಸಿದ ನೀಲಿ ಎಮ್ಮೆ

ಬಹಳ ಹಿಂದೆ, ಈ ಕತೆ ಹೇಳಿದವರ ಮುತ್ತಜ್ಜಿಗೂ ಹಲ್ಲು ಮೂಡುವ ಮೊದಲು, ಬೆಟ್ಟಗಳ ಆಚೆ ಪನ್ನೀರುಪುರ ಎಂಬ ರಾಜ್ಯವಿತ್ತು. ಅದರ ರಾಜ ಗಂಧರಾಯ. ಅವನಿಗೆ ಮೂಗೇ ಮಂತ್ರಿ. ಮೂಗಿಗೆ ಹಿಡಿಸಿದ್ದು ಒಳ್ಳೆಯದು, ಹಿಡಿಸದ್ದು ಕೆಟ್ಟದ್ದು. ಅರಮನೆಯ ಗೋಡೆಗೆ ಗಂಧ ಬಳಿಯುತ್ತಿದ್ದರು, ಬೀದಿಗೆ ಪನ್ನೀರು ಚಿಮುಕಿಸುತ್ತಿದ್ದರು, ಪಟ್ಟದಾನೆಯ ಹಿಂದೆ ಅತ್ತರಿನ ಬುಡ್ಡಿ ಹಿಡಿದ ಆಳೊಬ್ಬ ನಡೆಯುತ್ತಿದ್ದ.

ರಾಜನ ಮೂಗು ಹೀಗಿದ್ದ ಮೇಲೆ ಪ್ರಜೆಗಳ ನಾಲಿಗೆಯೂ ಅದಕ್ಕೆ ತಕ್ಕಂತೆ ತಿರುಗಿತು. ಸಗಣಿ ಎನ್ನುವ ಮಾತನ್ನೇ ಜನ ಬಿಟ್ಟರು. ಮನುಷ್ಯರದ್ದಂತೂ ಕೇಳಲೇಬೇಡಿ. "ಹೊರಕಡೆ ಹೋಗಿದ್ದೆ" ಎನ್ನುವರು, "ಆ ಕೆಲಸಕ್ಕೆ" ಎನ್ನುವರು. ಅರಮನೆಯಲ್ಲಾದರೆ ಅದೂ ಇಲ್ಲ, ಬರೀ ಕೆಮ್ಮುವರು. ರಾಜ ಕೆಮ್ಮಿ ಎದ್ದು ಹೋದರೆ ಇಡೀ ಆಸ್ಥಾನ ಸೂರು ನೋಡುತ್ತ ಕೂರುತ್ತಿತ್ತು. ನಿಜವಾಗಿ ಕೆಮ್ಮು ಬಂದವರ ಪಾಡು ದೇವರಿಗೇ ಪ್ರೀತಿ.

ಇಂಥ ಊರಿಗೆ ಒಬ್ಬ ಮಾಂತ್ರಿಕ ಬಂದ. ಹೆಗಲಲ್ಲಿ ಕಪ್ಪು ಜೋಳಿಗೆ ಇದ್ದದ್ದರಿಂದ ಜನ ಅವನನ್ನು ಕರಿಜೋಳಿಗೆ ಎಂದೇ ಕರೆದರು.

"ಮಹಾಪ್ರಭು, ತಮ್ಮ ರಾಜ್ಯದಲ್ಲಿ ಯಾರೂ ಬಾಯಿಬಿಟ್ಟು ಹೇಳದ ವಸ್ತು ಒಂದಿದೆ. ಅದನ್ನೆಲ್ಲ ನಾನು ಹೊತ್ತುಕೊಂಡು ಹೋಗುತ್ತೇನೆ. ನನಗೆ ಒಂದೇ ಮಾತು ಕೊಡಿ. ಯಾರೂ ನಮ್ಮದು ಅನ್ನದ್ದು ಈ ಜೋಳಿಗೆಗೆ ಸೇರಬೇಕು."

ರಾಜ ಹಿಗ್ಗಿಹೋದ. ಕೈಗೆ ಕೈ ತಟ್ಟಿ ಮಾತು ಕೊಟ್ಟ.

ಮಾಂತ್ರಿಕ ಜೋಳಿಗೆಯ ಬಾಯಿ ಬಿಚ್ಚಿದ. ಕೊಟ್ಟಿಗೆಯ ಸಗಣಿ, ಹಟ್ಟಿಯ ಕುರಿಹಿಕ್ಕೆ, ಲಾಯದ ಲದ್ದಿ, ಮನುಷ್ಯರು ಬಿಟ್ಟು ಬಂದದ್ದು, ಎಲ್ಲ ಸುಯ್ಯೆಂದು ಒಳಗೆ ಹೋಯಿತು. ಊರು ಬೆಳಗಿದ ಕಂಚಿನ ತಟ್ಟೆಯ ಹಾಗೆ ಫಳಫಳ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು, ಮಾಂತ್ರಿಕ ಬೆಟ್ಟದ ಗವಿ ಸೇರಿದ.

ಆಮೇಲೆ ಶುರುವಾಯಿತು ನೋಡಿ. ಹೊಲಕ್ಕೆ ಗೊಬ್ಬರವಿಲ್ಲದೆ ರಾಗಿ ತೆನೆಯೆಲ್ಲ ಜೊಳ್ಳಾಯಿತು. ಒಲೆಗೆ ಬೆರಣಿ ಇಲ್ಲ. ಕಟ್ಟಿಗೆ ಹಚ್ಚಿದರೆ ಅದೂ ಹೊತ್ತಲಿಲ್ಲ, ಏಕೆಂದರೆ ಸಗಣಿಯ ಜೊತೆಗೆ ನೆಲದ ಕಾವೂ ಜೋಳಿಗೆ ಸೇರಿಬಿಟ್ಟಿತ್ತು. ಅರಮನೆಯಲ್ಲೂ ಬೆಂಕಿ ಇಲ್ಲ, ಗುಡಿಸಲಲ್ಲೂ ಬೆಂಕಿ ಇಲ್ಲ. ಜನ ನೆನೆಸಿದ ಕಾಳು ತಿಂದರು, ತಣ್ಣೀರು ಮಿಂದರು, ಗಡಗಡ ನಡುಗುತ್ತಲೇ ಮೈಗೆ ಪನ್ನೀರು ಹಚ್ಚಿಕೊಂಡರು.

ಊರಂಚಿನ ಮನೆಯಲ್ಲಿ ತಿಪ್ಪವ್ವ ಎಂಬ ಹುಡುಗಿ ಅಕ್ಕ ಕೆಂಚವ್ವನ ಜೊತೆ ಇದ್ದಳು. ಕೆಂಚವ್ವನ ಬೆನ್ನಿಗೆ ಹುಟ್ಟಿದ ಕೂಸುಗಳು ಒಂದೂ ಉಳಿಯದಿದ್ದಾಗ, ಇದನ್ನಾದರೂ ಸಾವು ಮುಟ್ಟದಿರಲಿ ಎಂದು ಅವ್ವ ಈ ಮಗಳನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಎಂದು ಹೆಸರಿಟ್ಟಿದ್ದಳು. ಊರವರು ಆ ಹೆಸರು ಕರೆಯಲೂ ನಾಚಿ "ಏ ಹುಡುಗಿ" ಎನ್ನುತ್ತಿದ್ದರು.

ಈಗ ಕೆಂಚವ್ವ ಹಸಿ ಬಾಣಂತಿ. ಅವಳಿಗೆ ಎರೆಯಲು ಬಿಸಿನೀರಿಲ್ಲ, ಕೂಸಿಗೆ ಕಾವು ಕೊಡಲು ಒಂದು ಕೆಂಡವಿಲ್ಲ. ಕೂಸಿನ ಅಂಗಾಲು ಹೊಳೆಯ ಕಲ್ಲಿನಂತೆ ತಣ್ಣಗಿತ್ತು. ಅಳುವುದನ್ನೂ ಅದು ಕಡಿಮೆ ಮಾಡಿತ್ತು. ಬೇಗ ಕಾವು ಸಿಗದಿದ್ದರೆ ಕೂಸು ಉಳಿಯುವುದು ಕಷ್ಟ ಎಂದು ಸೂಲಗಿತ್ತಿ ಹೇಳಿ ಹೋದಳು.

ತಿಪ್ಪವ್ವ ಸೆರಗು ಬಿಗಿದು ಎದ್ದಳು.

"ಎಲ್ಲಿಗೆ ಹೊಂಟೆ ತಿಪ್ಪಿ?"

"ನಮ್ಮೊಲೆ ಬೆಂಕಿ ತರೋಕೆ ಕಣಕ್ಕ."

"ಮಾಂತ್ರಿಕನ ಗವಿಗಾ? ರಾಜ ಕಳಿಸಿದ ಎಂತೆಂಥ ಬಂಟರು ಹೋಗಿ ಸೋತವ್ರೆ ಕಣೆ."

"ಅವರಿಗೆಲ್ಲ ಒಳ್ಳೊಳ್ಳೆ ಹೆಸರಿತ್ತು. ನಂಗೇನು? ಹೆಸರಲ್ಲೇ ತಿಪ್ಪೆ ಐತೆ."

ಹೀಗೆ ನಗುತ್ತಲೇ ಹೊರಟಳು. ಬೆಟ್ಟ ಹತ್ತಿದಳು.

ಗವಿಯ ಮೊದಲ ಬಾಗಿಲಲ್ಲಿ ಒಂದು ಮೂಗು ಕೂತಿತ್ತು. ಕಣ್ಣಿಲ್ಲ, ಬಾಯಿಲ್ಲ, ಬಾಗಿಲ ತುಂಬ ಬರೀ ಮೂಗು. ಸುತ್ತಲಿನ ಮರಗಳಲ್ಲಿ ರಾಜನ ಬಂಟರ ರುಮಾಲುಗಳು ಸಿಕ್ಕಿಕೊಂಡು ತೂಗುತ್ತಿದ್ದವು.

"ಮೂಗು ಮುಚ್ಚಿದವರನ್ನ ನಾನು ಸೀನಿ ಹಾರಿಸ್ತೀನಿ. ಮುಚ್ಚದೆ ಒಳಗೆ ಹೋಗು ನೋಡೋಣ" ಎಂದು ಮೂಗು ಗೊಣಗೊಣ ನುಡಿಯಿತು.

ಒಳಗಿಂದ ಬಂತು ನೋಡಿ ವಾಸನೆ. ತಿಪ್ಪವ್ವನ ಕಣ್ಣಲ್ಲಿ ನೀರೂರಿತು, ಕೈ ತಾನಾಗಿ ಸೆರಗಿನತ್ತ ಹೋಯಿತು. ಅರ್ಧಕ್ಕೆ ಹೋದ ಕೈಯನ್ನು ಕೂಸಿನ ತಣ್ಣನೆ ಅಂಗಾಲು ನೆನೆದು ಇಳಿಸಿದಳು. ಎದೆ ತುಂಬ ಉಸಿರೆಳೆದಳು. ಮೊದಲು ಕಟು. ಅದರ ಹಿಂದೆಯೇ ಒದ್ದೆ ಹುಲ್ಲಿನ ವಾಸನೆ, ಹಟ್ಟಿಯ ವಾಸನೆ, ಅವ್ವ ಸಗಣಿ ಸಾರಿಸುತ್ತಿದ್ದ ನೆಲದ ವಾಸನೆ. ಅವ್ವನನ್ನು ನೆನೆದು ಅವಳಿಗೆ ಅಳುವೇ ಬಂತು. ಮೂಗು ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲಲ್ಲಿ ಏರು ದಾರಿ. ಆನೆ ಗಾತ್ರದ ಸಗಣಿಹುಳವೊಂದು ಮನೆಯಷ್ಟು ದೊಡ್ಡ ಉಂಡೆಯನ್ನು ಮೇಲಕ್ಕೆ ನೂಕುತ್ತಿತ್ತು. ನೂಕುವುದು, ಜಾರುವುದು, ಮತ್ತೆ ನೂಕುವುದು.

"ತಂಗ್ಯವ್ವ, ಒಂಚೂರು ಕೈ ಹಾಕ್ತೀಯಾ? ಬಂದೋರೆಲ್ಲ ಕೋಲಲ್ಲಿ ನೂಕಿದ್ರು. ಕೋಲು ತಾಗಿದ್ರೆ ಉಂಡೆಗೆ ಸಿಟ್ಟು ಬತ್ತದೆ, ಅವರ ಮೇಲೇ ಉರುಳ್ತದೆ."

ತಿಪ್ಪವ್ವ ತೋಳು ಮಡಚಿ ಎರಡೂ ಕೈಯನ್ನು ಉಂಡೆಗೆ ಒತ್ತಿದಳು. ಮೊಣಕೈವರೆಗೂ ಹೂತುಹೋಯಿತು. ಒಳಗೆ ಬೆಚ್ಚಗಿತ್ತು. ಊರೆಲ್ಲ ಹುಡುಕಿದರೂ ಸಿಗದ ಕಾವು ಇಲ್ಲಿ ಕೂತಿತ್ತು. ಅವಳಿಗೆ ಹುರುಪು ಬಂದುಬಿಟ್ಟಿತು. ಐಸಾ ಎಂದು ನೂಕಿದಳು, ಹುಳವೂ ನೂಕಿತು, ಉಂಡೆ ಏರು ಹತ್ತಿ ಆಚೆ ಉರುಳಿತು, ದಾರಿ ಬಿಟ್ಟಿತು.

ಮೂರನೆಯ ಬಾಗಿಲಾಚೆ ಕಲ್ಲು ಮುಚ್ಚಿದ ಗುಂಡಿ. ಗುಂಡಿಯ ಪಕ್ಕದಲ್ಲಿ ದಪ್ಪ ಹಗ್ಗದಿಂದ ಕಟ್ಟಿದ ಒಂದು ಎಮ್ಮೆ. ಅದರ ಮೈಯೆಲ್ಲ ನೀಲಿ ಬೆಂಕಿ, ಹೊಟ್ಟೆ ಬಿರಿಯುವ ಹಾಗೆ ಉಬ್ಬಿತ್ತು.

"ನೀನ್ಯಾರವ್ವ?" ಎಂದಳು ತಿಪ್ಪವ್ವ.

"ನಿಮ್ಮೂರೋಳೇ" ಎಂದಿತು ಎಮ್ಮೆ. "ನೀವು ಬ್ಯಾಡ ಅಂತ ಬಿಟ್ಟಿದ್ದೆಲ್ಲ ಜೋಳಿಗೆಯಿಂದ ಈ ಗುಂಡಿಗೆ ಬಿದ್ದು ಕೊಳೆತು ಉಬ್ಬಿತಲ್ಲ, ಅದರಾಗೆ ಹುಟ್ಟಿದೋಳು ನಾನು. ನನ್ನ ಉಸಿರು ಒಲೆಗೆ ಬೆಂಕಿ. ಉಸಿರು ಹೋದ ಮ್ಯಾಲೆ ಗುಂಡಿಯಾಗೆ ಉಳಿಯೋ ಬಗ್ಗಡ ಹೊಲಕ್ಕೆ ಊಟ. ಈ ಮಾಂತ್ರಿಕ ನನ್ನ ಉಸಿರೆಲ್ಲ ತನ್ನ ಮಂತ್ರಕ್ಕೆ ಉರಿಸ್ಕೊತಾನೆ."

"ನಿನ್ನ ಬಿಡಿಸೋದು ಹ್ಯಾಗೆ?"

"ಈ ಹಗ್ಗದಾಗೆ ನಿಮ್ಮೂರಲ್ಲಿರೋ ಬಾಯಿಗೊಂದು ಎಳೆ. ಒಬ್ಬೊಬ್ಬರೂ ತಮ್ಮದನ್ನ ಹೆಸರು ಹಿಡಿದು ನಂದು ಅನ್ನಬೇಕು. ಅಂದೋರ ಎಳೆ ಕಡೀತದೆ."

ಇಷ್ಟೇನಾ ಎಂದುಕೊಂಡಳು ತಿಪ್ಪವ್ವ. ಬಾಯಿ ತೆರೆದಳು. ನಾಲಿಗೆ ಅಂಟಿಕೊಂಡಿತು. ಹೆಸರಲ್ಲಿ ತಿಪ್ಪೆ ಇದ್ದರೂ ಬೆಳೆದದ್ದು ಪನ್ನೀರುಪುರದಲ್ಲೇ ಅಲ್ಲವೇ.

"ಅದೇ... ಹೊರಕಡೆ ಹೋದದ್ದು ನಂದು."

"ಹೊರಕಡೆ ಹೋದದ್ದು ಕಾಲು. ಕಾಲು ನಿಂದೇ ಅಂತ ನಂಗೂ ಗೊತ್ತು" ಎಂದಿತು ಎಮ್ಮೆ.

ತಿಪ್ಪವ್ವನ ಕಿವಿ ಕೆಂಪಾಯಿತು. ಕಣ್ಣು ಮುಚ್ಚಿದಳು. "ಹೇಲು" ಎಂದಳು. "ನನ್ನ ಹೇಲು ನಂದು. ನಮ್ಮ ಹಸಿನ ಸಗಣಿನೂ ನಂದು."

ಟಣ್ ಎಂದು ಒಂದು ಎಳೆ ಕಡಿಯಿತು. ನೆಲ ಬಿರಿಯಲಿಲ್ಲ, ಆಕಾಶ ಬೀಳಲಿಲ್ಲ. ಬಾಯಿಂದ ಏನೋ ಭಾರ ಇಳಿದಂತಾಗಿ ಅವಳು ಜೋರಾಗಿ ನಕ್ಕುಬಿಟ್ಟಳು.

ಹಿಂದೆ ಇನ್ನೊಂದು ನಗು ಕೇಳಿಸಿತು. ಕರಿಜೋಳಿಗೆ ನಿಂತಿದ್ದ.

"ಒಂದು ಬಾಯಿ ಆಯಿತು. ಇನ್ನು ಊರಿನ ಬಾಯಿ ತೆರೆಸು, ರಾಜನ ಬಾಯಿ ತೆರೆಸು. ಅವರು ನಡುಗಿ ಸತ್ತಾರೇ ಹೊರತು ಆ ಮಾತು ಆಡುವುದಿಲ್ಲ. ನಡಿ, ನಾನೂ ಬರುತ್ತೇನೆ. ನಕ್ಕು ಬಹಳ ದಿನವಾಯಿತು."

ತಿಪ್ಪವ್ವ ಮನೆಗೆ ಓಡಿದಳು. ಅಕ್ಕನನ್ನೂ ಕಂಬಳಿ ಸುತ್ತಿದ ಕೂಸನ್ನೂ ಕರೆದುಕೊಂಡು ಸೀದಾ ಅರಮನೆಗೆ ಬಂದಳು. ಊರೆಲ್ಲ ಹಿಂದೆ ಬಂತು. ಗಂಧರಾಯ ಶಾಲು ಹೊದ್ದು ಸಿಂಹಾಸನದ ಮೇಲೆ ನಡುಗುತ್ತಿದ್ದ. ಮಾಂತ್ರಿಕ ಕಂಬಕ್ಕೆ ಒರಗಿ, ಜೋಳಿಗೆ ಮಡಿಲಲ್ಲಿಟ್ಟು ಕೂತ.

ತಿಪ್ಪವ್ವ ಕಂಡದ್ದನ್ನೆಲ್ಲ ಹೇಳಿದಳು. ಆ ಮಾತನ್ನೂ ಹೇಳಿದಳು. ಕೂಡಲೇ ಆಸ್ಥಾನಕ್ಕೆ ಆಸ್ಥಾನವೇ ಕೆಮ್ಮಿತು. ಮಂತ್ರಿ ಸೂರು ನೋಡಿದ. ಪಂಡಿತರು ಮುಂದೆ ಬಂದು, "ಉದರನಿರ್ಗತ ದ್ರವ್ಯವು ಅಸ್ಮದೀಯವು" ಎಂದರು, ಅಂದರೆ ಹೊಟ್ಟೆಯಿಂದ ಹೊರಟ ವಸ್ತು ನಮ್ಮದು. ಬೆಟ್ಟದ ಕಡೆಯಿಂದ ಸದ್ದೇ ಇಲ್ಲ. ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ.

ತಿಪ್ಪವ್ವನಿಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಕೈಯಿಂದ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ರಾಜನ ಮಡಿಲಲ್ಲಿ ಮಲಗಿಸಿದಳು.

"ಬುದ್ಧಿ, ಮಾತು ಬ್ಯಾಡ ಅಂದ್ರೆ ಬಿಡಿ. ಇದರ ಕಾಲು ಒಂದ್ಸಲ ಮುಟ್ಟಿ ನೋಡಿ."

ರಾಜ ಮುಟ್ಟಿದ. ಮುಟ್ಟಿದವನ ಮುಖ ಬದಲಾಯಿತು. ಅವನು ಶಾಲಿನ ಅಂಚು ಎಳೆದು ಕೂಸಿಗೆ ಹೊದಿಸಿ ಎದೆಗೆ ಒತ್ತಿಕೊಂಡ. ಕೂಸು ಒಮ್ಮೆ ಕಣ್ಣು ಬಿಟ್ಟಿತು. ಆಮೇಲೆ ಮುಖ ಕೆಂಪು ಮಾಡಿ ತಿಣುಕಿತು. ಪುರ್ರ್ ಎಂದು ಸದ್ದಾಯಿತು. ರಾಜನ ರೇಷ್ಮೆ ಧೋತರ ಹಳದಿಯಾಯಿತು.

ಅತ್ತರಿನ ಆಳು ಬುಡ್ಡಿ ಹಿಡಿದು ಓಡಿ ಬಂದ. ರಾಜ ಕೈ ಎತ್ತಿ ಅವನನ್ನು ತಡೆದ.

"ಬೆಚ್ಚಗಿದೆ" ಎಂದ ರಾಜ. ತನ್ನ ಮಾತಿಗೆ ತಾನೇ ಬೆರಗಾಗಿ ಇನ್ನೊಮ್ಮೆ ಹೇಳಿದ, "ಬೆಚ್ಚಗಿದೆ ಕಣ್ರಯ್ಯಾ."

ಕೆಂಚವ್ವ ಮುಂದೆ ಬಂದಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. "ತಪ್ಪಾಯ್ತು ಅನ್ನಾಕಿಲ್ಲ ಬುದ್ಧಿ. ಕೂಸು ಒಂದ್ಸಲ ಹೇತ್ರೆ ಸಾಕು ಅಂತ ನಾನು ಎಷ್ಟು ಕಾದಿದ್ದೆ. ಅದು ನನ್ನ ಕಂದನ ಹೇಲು. ನಂದು."

ದೂರದ ಬೆಟ್ಟದಲ್ಲಿ ಟಣ್ ಎಂದಿತು.

ರಾಜ ಕೂಸನ್ನು ಹಿಡಿದೇ ಎದ್ದು ನಿಂತ. ಗಂಟಲಿಗೆ ಅಭ್ಯಾಸದ ಕೆಮ್ಮು ಬಂತು. ಅದನ್ನು ನುಂಗಿಕೊಂಡ. "ನಾನು ಗಂಧರಾಯ. ನನ್ನ ಹೇಲು ನಂದು" ಎಂದ.

ಟಣ್.

ಆಮೇಲೆ ತಡೆಯುವವರಾರು. ಮಂತ್ರಿ ಹೇಳಿದ, ಟಣ್. ರಾಣಿ ಹೇಳಿದಳು, ಟಣ್. ಪಂಡಿತರು ಸಂಸ್ಕೃತ ಬಿಟ್ಟು ಅವರವ್ವ ಕಲಿಸಿದ ಕನ್ನಡದಲ್ಲಿ ಹೇಳಿದರು, ಟಣ್. ಮಾವುತ ಆನೆಲದ್ದಿ ನಮ್ಮದು ಎಂದ, ಕುರುಬರು ಹಿಕ್ಕೆ ನಮ್ಮದು ಎಂದರು, ಅಜ್ಜಿಯೊಬ್ಬಳು ಗಂಡನ ಬಾಯಿ ಕಾಯದೆ ಅವನದ್ದೂ ಸೇರಿಸಿ ಹೇಳಿದಳು. ಬೀದಿ ಬೀದಿ ಕೂಗಿತು. ಬಾಯಿ ಕಟ್ಟಿ ಬದುಕಿದ್ದ ಜನ ನಗುತ್ತ, ಅಳುತ್ತ, ಒಬ್ಬರ ಬೆನ್ನು ಒಬ್ಬರು ತಟ್ಟುತ್ತ ಕೂಗಿದರು. ಬೆಟ್ಟದಲ್ಲಿ ಹಗ್ಗ ಟಣಟಣ ಹರಿಯಿತು.

ಮಾಂತ್ರಿಕನ ನಗು ಯಾವಾಗಲೋ ನಿಂತಿತ್ತು. ಅವನ ಮಡಿಲಲ್ಲಿ ಜೋಳಿಗೆ ಬರಿದಾಗಿ ಕುಗ್ಗಿತು, ಹಸಿದು ಬಾಯಿ ತೆರೆಯಿತು. ಯಾರೂ ನಮ್ಮದು ಅನ್ನದ್ದು ಏನಾದರೂ ಉಳಿದಿದೆಯೇ ಎಂದು ಸಭೆಯಲ್ಲೆಲ್ಲ ಹುಡುಕಿತು. ಕೊನೆಗೆ ಒಡೆಯನ ಕಡೆಗೇ ತಿರುಗಿತು.

"ಯಾರಾದರೂ ಒಬ್ಬರು ಇವನು ನಮ್ಮವನು ಅನ್ನಿ" ಎಂದು ಮಾಂತ್ರಿಕ ಬೇಡಿಕೊಂಡ. ಯಾರೂ ಅನ್ನಲಿಲ್ಲ. ಸುಯ್ಯೆಂದು ಅವನು ಒಳಗೆ ಹೋದ. ಜೋಳಿಗೆ ತನ್ನನ್ನೂ ತಾನೇ ನುಂಗಿಕೊಂಡು ಇಲ್ಲವಾಯಿತು.

ಅಷ್ಟರಲ್ಲಿ ನೀಲಿ ಎಮ್ಮೆ ಬೆಟ್ಟದಿಂದ ನೆಗೆದು ಬಂತು. ಅದು ಓಡಿದ ಕಡೆಯೆಲ್ಲ ನೆಲಕ್ಕೆ ಕಾವು ಬಂತು.

"ಬಯಲಲ್ಲಿ ಚೆಲ್ಲಬ್ಯಾಡಿ, ಹಸಿಯಾಗಿ ಹೊಲಕ್ಕೂ ಹಾಕಬ್ಯಾಡಿ" ಎಂದಿತು ಎಮ್ಮೆ. "ಮನೆಮನೆಗೂ ಕಲ್ಲುಗುಂಡಿ ಕಟ್ಟಿ. ನಿಮ್ಮದು, ದನದ್ದು ಎಲ್ಲ ನೀರು ಬೆರೆಸಿ ಅದರಾಗೆ ಹಾಕಿ ಬಾಯಿ ಮುಚ್ಚಿ. ನಾನು ಎಲ್ಲರ ಮನೆಗೂ ಬತ್ತೀನಿ."

ಹಾಗೇ ಆಯಿತು. ಮನೆಮನೆಯ ಗುಂಡಿಯಲ್ಲೂ ಒಂದೊಂದು ನೀಲಿ ಕರು ಹುಟ್ಟಿತು. ಒಲೆಗಳು ಹೊಗೆಯಿಲ್ಲದೆ ಉರಿದವು. ಬಗ್ಗಡ ಉಂಡ ಹೊಲದಲ್ಲಿ ರಾಗಿ ತೆನೆ ಬಾಗಿ ನೆಲ ಮುಟ್ಟಿತು. ಗಂಧರಾಯ ಗಂಧ ಬಿಡಲಿಲ್ಲ, ಕೆಮ್ಮುವುದನ್ನು ಮಾತ್ರ ಬಿಟ್ಟ. ನೆಂಟರು ಉಂಡು ಹಾಗೇ ಹೊರಟರೆ ಆ ಊರಿನವರು "ನಮ್ಮನೆ ಗುಂಡಿಗೆ ಏನೂ ಕೊಡದೆ ಹೊಂಟ್ರಲ್ಲ" ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರಂತೆ. ಹೀಗೆ ರಾಜನೂ ಸುಖವಾಗಿದ್ದ, ಪ್ರಜೆಗಳೂ ಸುಖವಾಗಿದ್ದರು, ನೆಂಟರೂ ಒಂದು ದಿನ ಹೆಚ್ಚಿಗೆ ಉಳಿದು ಸುಖವಾಗಿದ್ದರು.

ಅದೆಲ್ಲ ಆಮೇಲಿನ ಮಾತು. ಆ ದಿನ ತಿಪ್ಪವ್ವ ಯಾವ ಸನ್ಮಾನಕ್ಕೂ ನಿಲ್ಲಲಿಲ್ಲ. ಎಮ್ಮೆಯನ್ನು ಕೊಂಬು ಹಿಡಿದು ಮೊದಲು ತನ್ನ ಮನೆಗೆ ಎಳೆದುಕೊಂಡು ಹೋದಳು. ಅದು ಒಲೆಯ ಮುಂದೆ ಒಮ್ಮೆ ಉಸಿರು ಬಿಟ್ಟಿತು, ಹಂಡೆಯ ಅಡಿಯಲ್ಲಿ ನೀಲಿ ಬೆಂಕಿ ಎದ್ದಿತು. ನೀರು ಹದವಾಗಿ ಕಾದ ಮೇಲೆ ಕೆಂಚವ್ವ ಕಾಲು ನೀಡಿ ಕೂತು ಕೂಸನ್ನು ಮಲಗಿಸಿಕೊಂಡಳು, ತಿಪ್ಪವ್ವ ತಂಬಿಗೆಯಿಂದ ಎರೆದಳು. ಮೈಗೆ ಬಿಸಿನೀರು ಬಿದ್ದದ್ದೇ ತಡ, ಕೂಸು ಓಣಿಗೆಲ್ಲ ಕೇಳುವ ಹಾಗೆ ಕಿಟಾರನೆ ಕಿರುಚಿ ಅತ್ತಿತು. ಅಕ್ಕತಂಗಿಯರು ಅದನ್ನು ಸುಮ್ಮನಿರಿಸಲೇ ಇಲ್ಲ, ಇನ್ನೊಂದಿಷ್ಟು ಅಳಲಿ ಎಂದು ಕೇಳುತ್ತ ಕೂತರು.