ಗುರುವಾರದ ಖಾಲಿ ಚೌಕ

'ಸಿದ್ದೇಶ್ವರ ಪಾಸಾಗಬಾರದು ಅಂತ ಮನಸ್ಸಿನಲ್ಲಿ ಬೇಡಿಕೊಂಡೆ. ನಾನು ಇಷ್ಟು ಕೆಟ್ಟವಳು ಅಂತ ನನಗೇ ಗೊತ್ತಿರಲಿಲ್ಲ.'

ಬುಧವಾರ ಬೆಳಿಗ್ಗೆ, ಬಸ್ಸಿಗೆ ಇನ್ನೂ ಹತ್ತು ನಿಮಿಷ ಇರುವಾಗ, ಗೋಪಿಕಾ ಡೈರಿಯಲ್ಲಿ ಈ ಎರಡು ಸಾಲು ಬರೆದಳು. ಒಮ್ಮೆ ಓದಿಕೊಂಡು, ಡೈರಿಯನ್ನು ಟ್ರಂಕಿನ ತಳದಲ್ಲಿ ಶಾಲಿನ ಕೆಳಗೆ ತುರುಕಿದಳು. ಆಮೇಲೆ ಕನ್ನಡಿ ಕೂಡ ನೋಡದೆ ವಳಸಂಗದ ಸ್ಟ್ಯಾಂಡಿಗೆ ನಡೆದಳು.

ಅಕ್ಕಲಕೋಟದಿಂದ ಬರುವ ಕೆಂಪು ಎಸ್‌ಟಿ ಬಸ್ಸು ಬಂದು ನಿಂತಿತು. ಎಡಗಡೆ ನಾಲ್ಕನೆಯ ಕಿಟಕಿ ಸೀಟಿನ ಮೇಲೆ ನೀಲಿ ಅಂಚಿನ ಟಾವೆಲ್ ಹಾಸಿತ್ತು.

ಎಂಟು ತಿಂಗಳಿಂದ ಹೀಗೇ. ಸಿದ್ದೇಶ್ವರ ಅಕ್ಕಲಕೋಟದಲ್ಲಿ ಬಸ್ ಹತ್ತುವ ಮೊದಲೇ ಕಿಟಕಿಯೊಳಗಿಂದ ಟಾವೆಲ್ ಎಸೆದು ಸೀಟು ಹಿಡಿಯುತ್ತಿದ್ದ. ಯಾರಾದರೂ ಕೂರಲು ಬಂದರೆ, 'ನಮ್ಮ ಮನಿ ಮಂದಿ ವಳಸಂಗಕ್ಕ ಹತ್ತಾವರದಾರ್ರಿ' ಅನ್ನುತ್ತಾನೆ ಅಂತ ಕಂಡಕ್ಟರನೇ ಒಮ್ಮೆ ನಗುತ್ತ ಅವಳಿಗೆ ಹೇಳಿದ್ದ. ಅವತ್ತು ಅವಳು ಟಿಕೆಟ್ ತೆಗೆಯುವುದನ್ನೇ ಮರೆತಿದ್ದಳು. ಡೈರಿಯಲ್ಲಿ ಆ ದಿನದ ಪುಟದಲ್ಲಿ ಎರಡೇ ಪದ ಇವೆ: ಮನಿ ಮಂದಿ.

ಇಬ್ಬರಿಗೂ ಸೋಲಾಪುರದ ಒಂದೇ ಟಾವೆಲ್ ಕಾರ್ಖಾನೆಯಲ್ಲಿ ನೌಕರಿ. ಅವನು ಮಗ್ಗಗಳ ಮೇಲ್ವಿಚಾರಕ, ಅವಳು ಪ್ಲ್ಯಾನಿಂಗ್ ಆಫೀಸಿನಲ್ಲಿ. ತೊಂಬತ್ತೇಳರ ಆ ವರ್ಷ ಮುಂಬೈಯ ಹೆಡ್ ಆಫೀಸು ಒಂದು ಹೊಸ ಸಾಫ್ಟ್‌ವೇರ್ ಕಳಿಸಿತ್ತು. ಮಗ್ಗ, ದಿನ, ಬಣ್ಣ, ಗಿರಾಕಿ, ಹೀಗೆ ಚೌಕಗಳಲ್ಲಿ ತುಂಬಿದ ಒಂದೇ ಲೆಕ್ಕವನ್ನು ಯಾವ ಮಗ್ಗುಲಿಗೆ ಬೇಕಾದರೂ ತಿರುಗಿಸಿ ನೋಡಿ, ಮುಂದಿನ ತಿಂಗಳು ಎಷ್ಟು ನೇಯಬೇಕೆಂದು ಯೋಜನೆ ಹಾಕುವಂಥದ್ದು. ನಾನೂರು ಪುಟದ ಅದರ ಮ್ಯಾನ್ಯುಯಲ್ಲನ್ನು ಪೂರ್ತಿ ಓದಿದವಳು ಗೋಪಿಕಾ ಒಬ್ಬಳೇ.

ಸಿದ್ದೇಶ್ವರನಿಗೆ ಅದನ್ನು ಕಲಿಸಿದ್ದು ಬಸ್ಸಿನಲ್ಲಿ, ಊಟದ ಡಬ್ಬಿಯಿಂದ. ಮೇಲಿನ ಡಬ್ಬಿ ಸೋಮವಾರ, ಕೆಳಗಿನದು ಮಂಗಳವಾರ, ಒಳಗಿನ ಪಲ್ಯ ಒಂದು ಬಣ್ಣ, ರೊಟ್ಟಿ ಇನ್ನೊಂದು. ಅವನು ಗಂಭೀರವಾಗಿ ತಲೆಯಾಡಿಸಿ, "ಹಂಗಾದ್ರ ಇವತ್ತ ಮಂಗಳವಾರ ತಿಂತೀನ್ರಿ," ಎಂದು ಕೆಳಗಿನ ಡಬ್ಬಿ ಎತ್ತಿಕೊಂಡಿದ್ದ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಿದ್ದಳು. ಗಾಜಿನಲ್ಲಿ ಅವಳ ನಗು ಅವನಿಗೆ ಕಂಡಿತ್ತು. ಕಂಡಿದ್ದು ಅವಳಿಗೂ ಗೊತ್ತಿತ್ತು.

ಆಮೇಲೆ ಪರೀಕ್ಷೆ ಬಂತು. ಐವತ್ತು ಪ್ರಶ್ನೆ, ಮೂವತ್ತೈದು ಬಂದರೆ ಪಾಸು. ಪಾಸಾದವನು ಮುಂಬೈ ಆಚೆಯ ಸಿಲ್ವಾಸಾದ ಹೊಸ ಮಿಲ್ಲಿಗೆ ಪ್ಲ್ಯಾನರ್ ಆಗಿ ಹೋಗಬೇಕು. ಗೋಪಿಕಾಳ ಅಪ್ಪ ಯಾರೂ ಕೇಳುವ ಮೊದಲೇ ಅವಳು ಅಷ್ಟು ದೂರ ಹೋಗುವುದು ಬೇಡ ಅಂದಿದ್ದರು. ಹಾಗಾಗಿ ಮ್ಯಾನೇಜರ್ ನಾಗೇಶ ಸಾಹೇಬರು ಅವಳಿಗೆ ಉತ್ತರಪತ್ರಿಕೆ ತಿದ್ದುವ ಕೆಲಸ ಕೊಟ್ಟರು. ಮುಂಬೈಯಿಂದ ಉತ್ತರಗಳ ಪಟ್ಟಿಯೂ ಬಂದಿತ್ತು.

ಮೂವತ್ತೊಂದನೆಯ ಪ್ರಶ್ನೆ: ಮಗ್ಗ ನಡೆಯದ ದಿನದ ಚೌಕದಲ್ಲಿ ಏನಿರಬೇಕು? ಪಟ್ಟಿಯಲ್ಲಿದ್ದ ಉತ್ತರ: ಸೊನ್ನೆ.

ಸಿದ್ದೇಶ್ವರ ಬರೆದಿದ್ದ: 'ಖಾಲಿ ಬಿಡಬೇಕು. ನಮ್ಮಲ್ಲಿ ಗುರುವಾರ ಕರೆಂಟ್ ಇರೋದಿಲ್ಲ, ಮಗ್ಗಕ್ಕೆ ರಜೆ. ಸೊನ್ನೆ ಹಾಕಿದರೆ ಅದೂ ಒಂದು ಕೆಲಸದ ದಿನವೆಂದು ಸರಾಸರಿಯಲ್ಲಿ ಸೇರುತ್ತದೆ. ಆರು ದಿನ ಬೆವರು ಸುರಿಸಿದ ನೇಕಾರ ಪೀರಪ್ಪ ಆಲಸಿಯ ಹಾಗೆ ಕಾಣುತ್ತಾನೆ.'

ಮ್ಯಾನ್ಯುಯಲ್ಲಿನ ಇನ್ನೂರ ಹನ್ನೆರಡನೆಯ ಪುಟವೂ ಇದನ್ನೇ ಹೇಳುತ್ತಿತ್ತು. ತಪ್ಪಿದ್ದು ಮುಂಬೈಯವರ ಪಟ್ಟಿ. ಗುರುವಾರ ಮಗ್ಗ ಮಲಗುವ ಊರನ್ನು ಅವರು ಕಂಡಿರಲಿಲ್ಲ. ಇದನ್ನು ಬಲ್ಲವಳು ಇಡೀ ಆಫೀಸಿನಲ್ಲಿ ಅವಳೊಬ್ಬಳೇ.

ಉಳಿದದ್ದೆಲ್ಲ ಕೂಡಿಸಿದರೆ ಮೂವತ್ತನಾಲ್ಕು.

ಬುಧವಾರ ಮಧ್ಯಾಹ್ನದ ತನಕ ಅವಳು ಪೆನ್ನು ಹಿಡಿದು ಕೂತಿದ್ದಳು. ಖಾಲಿ ಸೀಟಿನ ಮೇಲೆ ಟಾವೆಲ್ ಇಲ್ಲದ ಬಸ್ಸು ಕಣ್ಣೆದುರು ಬಂದು ನಿಲ್ಲುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ಕೈ ತಾನೇ ಕೆಂಪು ಗೆರೆ ಎಳೆಯಿತು. ನಾಗೇಶ ಸಾಹೇಬರು ಅಯ್ಯೋ ಒಂದೇ ಮಾರ್ಕು ಅಂತ ಮರುಗಿ, ಪತ್ರಿಕೆಯನ್ನು ಸಿದ್ದೇಶ್ವರನಿಗೂ ತೋರಿಸಿದರು. ಶುಕ್ರವಾರ ಬೆಳಿಗ್ಗೆ ಮುಂಬೈಗೆ ಫ್ಯಾಕ್ಸ್ ಹೋಗುತ್ತದೆ ಅಂದರು. ಆ ಸಂಜೆ ಅವಳು ತಲೆನೋವೆಂದು ಹೇಳಿ ಬೇಗ ಹೊರಟುಬಿಟ್ಟಳು. ಮರುದಿನ ಬೆಳಿಗ್ಗೆ ಬೇಕೆಂದೇ ಮುಂದಿನ ಬಸ್ಸು ಹಿಡಿದಳು.

ಗುರುವಾರದ ರಜೆ ಮಗ್ಗಗಳಿಗೆ ಮಾತ್ರ, ಇವರಿಬ್ಬರಿಗೆ ಭಾನುವಾರ; ಆ ಗುರುವಾರ ಸಂಜೆ ತಪ್ಪಿಸಿಕೊಳ್ಳಲಾಗಲಿಲ್ಲ. ಬಸ್ಸಿನ ತುಂಬ ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಹೊರಟ ಪುಣೆಯ ಮಂದಿ, ಎಲ್ಲೆಲ್ಲೂ ಮರಾಠಿ. ಇಬ್ಬರೂ ಕಂಬಿ ಹಿಡಿದು ನಿಂತರು. ಟಾವೆಲ್ ಅವನ ಹೆಗಲ ಮೇಲಿತ್ತು.

ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ನೀವು ಅಷ್ಟ ಚಂದ ಹೇಳಿಕೊಟ್ರಿ," ಅಂದ. "ನಾನ ತಪ್ಪ ತಿಳ್ಕೊಂಡಿದ್ದೆ. ಪೀರಪ್ಪಗ ಹೇಳಿದ್ದೆ ನೋಡ್ರಿ, ಇನ್ನ ಮ್ಯಾಲ ನಿನಗ ಯಾರೂ ಆಲಸಿ ಅನ್ನಾಂಗಿಲ್ಲ ಅಂತ. ಇವತ್ತ ಅವನ ಮನಿಗೆ ಹೋಗಿ ಹೇಳಿ ಬಂದೆ, ಇಲ್ಲಪಾ, ಸೊನ್ನಿನ ಖರೆ ಅಂತ."

ಗೋಪಿಕಾ ಒಂದು ಹೆಜ್ಜೆ ಹತ್ತಿರ ಸರಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕುಂಭಾರಿ ಸ್ಟಾಪ್ ಬಂದು, ಗುರಮ್ಮ ಎಂಬ ಮುದುಕಿ ಬದನೆಕಾಯಿಯ ಬುಟ್ಟಿ ಹೊತ್ತು ಇಬ್ಬರ ನಡುವೆ ತೂರಿಕೊಂಡಳು. ವಾರಕ್ಕೆರಡು ಸಲ ಇದೇ ಬಸ್ಸಿಗೆ ಬರುವವಳು, ಇಬ್ಬರನ್ನೂ ಬಲ್ಲವಳು.

ಬುಟ್ಟಿಯ ಮೇಲಿಂದ ಅವನು ಮೆಲ್ಲಗೆ ಅಂದ, "ಸಿಲ್ವಾಸಾದ್ದೇನ ದೊಡ್ಡದಲ್ರಿ. ಪಾಸಾಗಿದ್ರ ಐತವಾರ ನಿಮ್ಮ ಅಪ್ಪಾರಿಗೆ ಭೆಟ್ಟಿ ಆಗಾಂವ ಇದ್ದೆ. ಬರೇ ಮಗ್ಗದಾಂವ ಅಂತ ಹ್ಯಾಂಗ ಕೇಳ್ಲಿ? ಈಗ... ಬಿಡ್ರಿ."

ಅವನು ಕಿಟಕಿಯ ಕಡೆ ತಿರುಗಿದ. ಗಾಜಿನಲ್ಲಿ ಅವನ ಮುಖ ಅವಳಿಗೆ ಕಂಡಿತು.

ತಾನು ಹಿಡಿದಿಡಲು ಹೋದದ್ದನ್ನೇ ತಾನು ಕಳೆದುಕೊಂಡಿದ್ದಳು. ಈಗ ಹೇಳಿದರೆ ಅವನು ಹೋಗುತ್ತಾನೆ. ಹೋಗುವ ಮೊದಲು ತನ್ನನ್ನು ಬೇಡ ಅಂದರೂ ಅಂದಾನು. ಹೇಳದಿದ್ದರೆ ದಿನಾ ಆ ಸೀಟಿನಲ್ಲಿ ಕೂತು ಹೋಗಬೇಕು, ಅವನು ಹಾಸಿದ ಟಾವೆಲ್ಲಿನ ಮೇಲೆ.

"ರೀ," ಅಂದಳು. ಇಂಜಿನ್ನಿನ ಗದ್ದಲದಲ್ಲಿ ಅದು ಅವನಿಗೆ ಮುಟ್ಟಲೇ ಇಲ್ಲ. ಇನ್ನೊಮ್ಮೆ ಅಂದಳು.

ಗುರಮ್ಮ ಬುಟ್ಟಿ ಸರಿಸಿ ಅವನ ತೋಳು ತಿವಿದಳು. "ಏ ತಮ್ಮಾ, ಈ ಹುಡುಗಿ ಏನೋ ಅನ್ನಾಕತ್ತಾಳ ನೋಡು. ಜರಾ ಜೋರಾಗಿ ಹೇಳವಾ, ನಿನ್ನ ಮಾತು ನಿನ್ನ ಬಾಯಾಗ ಅಡಗೇತಿ."

ವಳಸಂಗ ಬಂತು. ಡ್ರೈವರ್ ನೀರು ಕುಡಿಯಲು ಇಂಜಿನ್ ಬಂದ್ ಮಾಡಿ ಇಳಿದ. ಇಡೀ ಬಸ್ಸು ಒಮ್ಮೆಲೇ ಗುರುವಾರದ ಮಗ್ಗದ ಶೆಡ್ಡಿನ ಹಾಗೆ ತಣ್ಣಗಾಯಿತು. ಇಳಿಯಬೇಕಾದ ಗೋಪಿಕಾ ಕಂಬಿ ಬಿಡಲಿಲ್ಲ. ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು, ಬಸ್ಸಿಗೆಲ್ಲ ಕೇಳುವಂತೆ ಅಂದಳು:

"ನಿಮ್ಮ ಉತ್ತರ ಬರೋಬರ್ ಇತ್ರಿ. ನೀವು ನನ್ನ ಬಿಟ್ಟು ಹೋಗಬಾರದು ಅಂತ ನಾನ ಬೇಕಂತನ ಅದರ ಮ್ಯಾಲ ಕೆಂಪ ಗೆರಿ ಎಳದೆ."